ಹಳೇ ಹುಬ್ಬಳ್ಳಿ, ಫೋನಿನ ಲಿಸ್ಟು ಮತ್ತು ಅವ್ವನ ವಹಿ

ಹೋದ ವರ್ಷ ಮೇ ತಿಂಗಳಲ್ಲಿ ಅತ್ತಿಯ ಮಗನ ಮದುವೆ. ಹುಬ್ಬಳ್ಳಿಯ ಬಿಸಿಲು, ಗಾಳಿಗಿಂತ ಸದ್ದೇ ಹೆಚ್ಚು ಮಾಡುವ ಕಲ್ಯಾಣ ಮಂಟಪದ ಫ್ಯಾನು. ಕೈಯಲ್ಲಿ ಅಕ್ಕಿಕಾಳು ಹಿಡಿದು ನಿಂತಿದ್ದಾಗ ಅತ್ತಿ ಉಟ್ಟಿದ್ದ ಸೀರೆ ಕಣ್ಣಿಗೆ ಬಿತ್ತು. ನೇರಳೆ ಒಡಲು, ಸಾಸಿವೆ ಬಣ್ಣದ ಅಂಚು. ಇದನ್ನು ಎಲ್ಲೋ ನೋಡಿದ್ದೇನಲ್ಲ ಅಂದುಕೊಂಡೆ. ಎಲ್ಲೋ ಏನು, ಬೆಂಗಳೂರಿನ ಅಂಗಡಿಯೊಂದರಲ್ಲಿ ಎರಡು ತಾಸು ನಿಂತು, ಆ ವರ್ಷದ ಬೋನಸ್ಸಿನಲ್ಲಿ 14,000 ಕೊಟ್ಟು ಅವ್ವನಿಗೆ ಅಂತ ನಾನೇ ತಂದ ರೇಷ್ಮೆ ಸೀರೆ ಅದು! ಅವ್ವ ಪಕ್ಕದಲ್ಲೇ ತನ್ನ ಹಳೇ ಸೀರೆಯಲ್ಲಿ ಆರಾಮಾಗಿ ನಿಂತು ಅಕ್ಕಿಕಾಳು ಹಾಕುತ್ತಿದ್ದಳು.

ಮನೆಗೆ ಬಂದ ಮೇಲೆ ಜಗಳ ತೆಗೆದೆ. ಅವ್ವ ಚಹಾ ಸೋಸುತ್ತಾ, "ನೀ ನನಗ ಕೊಟ್ಟಿ. ಕೊಟ್ಟ ಮ್ಯಾಲ ಅದು ನಂದು. ನಂದನ್ನ ನಾ ಯಾರಿಗೆರ ಕೊಡ್ತೀನಿ" ಅಂದಳು. ಲಾಜಿಕ್‌ನಲ್ಲಿ ತಪ್ಪು ಹುಡುಕಲಾಗದೆ ಸುಮ್ಮನಾದೆ. ಆದರೆ ಸಿಟ್ಟು ಮಾತ್ರ ಒಂದೂವರೆ ವರ್ಷ ಹಾಗೇ ಉಳೀತು. ಆಮೇಲೆ ಮನೆಗೆ ಏನಾದರೂ ತರಬೇಕಾದರೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಅಡ್ರೆಸ್ ಹಾಕಿಬಿಡೋದು. ಕೊಟ್ಟ ಶಾಸ್ತ್ರವೂ ಆಗ್ತದೆ, ಯಾರಿಗೆ ಹೋಯಿತು ಅನ್ನೋ ತಲೆನೋವೂ ಇಲ್ಲ.

ಈ ಸಲ ಹಾಗೆ ಮಾಡೋಕೆ ಆಗಲಿಲ್ಲ. ಅಕ್ಕನಿಗೆ ಏಳು ತಿಂಗಳು. ಗದಗಿನಲ್ಲಿರುವ ಅವಳ ಮನೆಯಲ್ಲಿ ಭಾನುವಾರ ಕುಬುಸದ ಕಾರ್ಯ. ನಾಲ್ಕು ದಿನ ರಜೆ ಹಾಕಿ ಬುಧವಾರ ರಾತ್ರಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ಮೇಲಿನ ಬರ್ತಿನಲ್ಲಿ ಮಲಗಿ ಫೋನಿನ ನೋಟ್ಸ್‌ನಲ್ಲಿ ಒಂದು ಲಿಸ್ಟ್ ಮಾಡಿದೆ. ಅಕ್ಕ: ರೇಷ್ಮೆ ಸೀರೆ. ಭಾವ: ಶರ್ಟು, ಇಲ್ಲಾ ಪರ್ಸು. ಚಾಚಿ: ಡ್ರೈ ಫ್ರೂಟ್ಸ್ ಬಾಕ್ಸ್. ರೂಮ್‌ಮೇಟ್, ಆಫೀಸು: ಪೇಢಾ. ಅಪ್ಪ: ಪ್ರಶ್ನಾರ್ಥಕ ಚಿಹ್ನೆ. ಅವ್ವ: ಎರಡು ಪ್ರಶ್ನಾರ್ಥಕ ಚಿಹ್ನೆ.

ನಿಮ್ಮ ಫೋನಿನಲ್ಲೂ ಇಂಥದ್ದೊಂದು ಲಿಸ್ಟ್ ಇರಬಹುದು. ನಮ್ಮ ಆಫೀಸಿನ ಡಿಸೆಂಬರಿನ ಸೀಕ್ರೆಟ್ ಸಾಂಟಾದಲ್ಲಿ 500 ರೂಪಾಯಿ ಲಿಮಿಟ್ಟು. ಒಂದೇ ತಂಡದಲ್ಲಿ ಮೂರು ವರ್ಷ ಕೆಲಸ ಮಾಡಿದ ಮೇಲೂ ಪರಸ್ಪರ ಕಾಫಿ ಮಗ್ಗು, ಪರಿಮಳದ ಕ್ಯಾಂಡಲ್ಲು ಕೊಟ್ಟುಕೊಳ್ತೇವೆ. ನನ್ನ ಹತ್ತಿರ ಈಗ ಐದು ಮಗ್ಗುಗಳಿವೆ. ನಾನು ಕಾಫಿ ಕುಡಿಯೋದಿಲ್ಲ, ಚಹಾ. ಅದೂ ಲೋಟದಲ್ಲಿ.

ಬೆಳಿಗ್ಗೆ ಸ್ಟೇಷನ್ನಿನಿಂದ ಆಟೋ. ಚನ್ನಮ್ಮ ಸರ್ಕಲ್ಲಿನ ಫ್ಲೈಓವರ್ ಕೆಲಸದ ಧೂಳು ದಾಟಿ ಇಂಡಿ ಪಂಪ್ ಹತ್ತಿರ ಬಂದರೆ ಊರಿನ ವೇಗ ತಾನೇ ಕಡಿಮೆಯಾಗುತ್ತದೆ. ಓಣಿಗಳು ಸಣ್ಣವು. ಆಟೋದವರು ಅರ್ಧಕ್ಕೇ ಇಳಿಸಿ, "ಒಳಗ ತಿರುಗಸಾಕ ಬರಂಗಿಲ್ರಿ ಮೇಡಮ್" ಅಂತಾರೆ. ಹುಬ್ಬಳ್ಳಿ ಅಂದರೆ ಹೊರಗಿನವರಿಗೆ ಗೊತ್ತಿರೋದು ಹೊಸ ಹುಬ್ಬಳ್ಳಿ. ಸವಣೂರು ನವಾಬರ ಕಾಲದಲ್ಲಿ ಬಸಪ್ಪ ಶೆಟ್ಟರ್ ಅನ್ನುವ ವ್ಯಾಪಾರಿ ದುರ್ಗದ ಬೈಲಿನ ಸುತ್ತ ಕಟ್ಟಿಸಿದ ಪೇಟೆ ಬೆಳೆದು ಈಗಿನ ಊರಾಗಿದೆ. ಅದಕ್ಕೂ ಮೊದಲಿನದು ನಮ್ಮದು, ಒಂದು ಕಾಲದಲ್ಲಿ ರಾಯರ ಹುಬ್ಬಳ್ಳಿ ಅನ್ನಿಸಿಕೊಂಡದ್ದು. ಇಲ್ಲಿ ಭವಾನಿಶಂಕರ ಗುಡಿಯಿದೆ, ಜೈನ ಬಸದಿಯಿದೆ, ಸ್ವಲ್ಪ ದೂರದಲ್ಲಿ ಸಿದ್ಧಾರೂಢರ ಮಠವಿದೆ, ಓಣಿಗೊಂದು ಮಸೀದಿಯೋ ಗುಡಿಯೋ ಇದೆ. ಬೆಂಗಳೂರಿನ ಗೆಳೆಯರಿಗೆ ಹಳೇ ಹುಬ್ಬಳ್ಳಿಯ ಹೆಸರು ಗೊತ್ತಿದ್ದರೆ ಅದು ಟೀವಿಯಲ್ಲಿ ಗಲಾಟೆಯ ಸುದ್ದಿ ಬಂದಾಗಿನದು. ನನಗೆ ಮಾತ್ರ ಇದು ಶಾಲೆ ಬಿಟ್ಟ ಮೇಲೆ ಅವ್ವ ಮನೆಗೆ ಬರೋವರೆಗೂ ಚಾಚಿಯ ಕಟ್ಟೆಯ ಮೇಲೆ ಕೂತು ಹೋಮ್‌ವರ್ಕ್ ಮಾಡಿದ ಊರು.

ಲಿಸ್ಟ್ ತೋರಿಸಿದಾಗ ಅವ್ವ ನಕ್ಕಳು. "ಬಸರಿ ಹೆಂಗಸಿಗೆ ರೇಷ್ಮಿ ಸೀರಿ? ಮೈ ಎಲ್ಲಾ ಬೆವರ್ತದ ಆಕೀಗೆ. ನಡಿ, ಜವಳಿ ಸಾಲಿಗೆ ಹೋಗೂಣು."

ಜವಳಿ ಸಾಲು ದುರ್ಗದ ಬೈಲಿಗೆ ಅಂಟಿಕೊಂಡೇ ಇದೆ. ಹೆಸರೇ ಹೇಳುವ ಹಾಗೆ ಸಾಲಾಗಿ ಬಟ್ಟೆ ಅಂಗಡಿಗಳು. ಎಲ್ಲರನ್ನೂ ಒಳಗೆ ಕರೆದು ಗಾದಿಯ ಮೇಲೆ ಕೂರಿಸುವ ಹಳೇ ಕಾಲದ ಅಂಗಡಿಯೊಂದಕ್ಕೆ ಅವ್ವ ಕರೆದೊಯ್ದಳು. ಹಸಿರು ಇಳಕಲ್ ಸೀರೆ ಬೇಕಿತ್ತು. ಕುಬುಸಕ್ಕೆ ತವರಿನಿಂದ ಹೋಗೋದು ಹಸಿರು ಸೀರೆ, ಹಸಿರು ಖಣ, ಹಸಿರು ಬಳೆ. ನೋಡಿದರೆ ಹಸಿರಿನಲ್ಲೇ ಹದಿನೆಂಟು ಬಗೆ. ಅದರಲ್ಲಿ ಅರ್ಧಕ್ಕರ್ಧ ಪವರ್‌ಲೂಮಿನವು. ಫೋಟೋದಲ್ಲಿ ಎಲ್ಲಾ ಒಂದೇ ಥರ ಕಾಣ್ತವೆ, ನಾನಾಗಿದ್ದರೆ ಮೊದಲು ಸಿಕ್ಕದ್ದನ್ನೇ ತಗೊಂಡು ಬಂದಿರ್ತಿದ್ದೆ.

ಅಂಗಡಿಯ ಅಜ್ಜಾರು ಒಂದು ಕೈಮಗ್ಗದ ಸೀರೆಯ ಸೆರಗು ಬಿಡಿಸಿ, ಒಡಲೂ ಸೆರಗೂ ಕೂಡುವ ಜಾಗದಲ್ಲಿ ನನ್ನ ಬೆರಳು ಇಡಿಸಿದರು. ಅಲ್ಲಿ ಸಣ್ಣದೊಂದು ಏರು ಸಿಗುತ್ತದೆ. ಒಡಲಿನ ಹಾಸು ದಾರಗಳಿಗೆ ಸೆರಗಿನ ಕೆಂಪು ಹಾಸು ದಾರಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರ್ತಾರೆ. ಅದಕ್ಕೇ ಟೋಪ ತೆನಿ ಅನ್ನೋದು. ಹಾಗೆ ಜೋಡಿಸಬೇಕಾದರೆ ಸೀರೆ ಎಷ್ಟು ವಾರಿನದು ಅನ್ನೋದು ನೇಕಾರನಿಗೆ ಮೊದಲೇ ಗೊತ್ತಿರಬೇಕು. ಉದ್ದಕ್ಕೆ ನೇಯ್ದುಕೊಂಡು ಹೋಗಿ ಆಮೇಲೆ ಬೇಕಾದಷ್ಟಕ್ಕೆ ಕತ್ತರಿಸೋ ಹಾಗಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿ ದಾರದಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ. ಚಿಕ್ಕಂದಿನಿಂದ ಅಜ್ಜಿಯ ಸೆರಗಿನಲ್ಲಿ ಮೂಗು ಒರೆಸಿಕೊಂಡ ನನಗೆ ಅದು ಜೋಳದ ತೆನೆ ಅಂತ ಗೊತ್ತಾಗಿದ್ದು ಮೂವತ್ತನೇ ವಯಸ್ಸಿಗೆ!

ಕಸೂತಿ ಹಾಕಿದ ಸೀರೆಗಳೂ ಇದ್ದವು. ಅವ್ವ ಒಂದನ್ನೂ ಮೇಲಿನಿಂದ ನೋಡಲಿಲ್ಲ, ಎಲ್ಲವನ್ನೂ ತಿರುವಿ ಹಾಕಿ ನೋಡಿದಳು. ಕೈ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ಥರ ಕಾಣಬೇಕಂತೆ, ಗಂಟು ಇರಬಾರದಂತೆ. ತಿರುವಿ ನೋಡಿದ್ದು ಸರಿ, ಆದರೆ ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದು, ಕಣ್ಣ ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡುತ್ತಿದ್ದಳು. ಅದು ಆಗ ನನ್ನ ತಲೆಗೆ ಹೋಗಲಿಲ್ಲ.

ಕೊನೆಗೆ ಆರಿಸಿದ್ದು ಹಗುರವಾದ ಹತ್ತಿ ಇಳಕಲ್, ಗಿಳಿ ಹಸಿರು, ಗೋಮಿ ದಡಿ. ಅಕ್ಕನಿಗೆ ವೀಡಿಯೊ ಕಾಲ್ ಮಾಡಿ ತೋರಿಸಿದೆ. "ಇದನ್ನ ಕಾರ್ಯ ಆದ ಮ್ಯಾಲೂ ಉಡಬಹುದಲ್ಲಲೇ" ಅಂದಳು. ನನ್ನ ಲಿಸ್ಟಿನ ರೇಷ್ಮೆ ಸೀರೆಯ ಅರ್ಧ ಬೆಲೆಯೂ ಆಗಲಿಲ್ಲ. ಜೊತೆಗೆ ಎರಡು ಗುಳೇದಗುಡ್ಡ ಖಣ. ಒಂದು ಅಕ್ಕನ ಕುಬುಸಕ್ಕೆ, ಇನ್ನೊಂದು ಹುಟ್ಟುವ ಕೂಸಿನ ಕುಂಚಿಗಿಗೆ. ಕುಂಚಿಗಿಯನ್ನು ತಾನೇ ಹೊಲಿಯೋದಾಗಿ ಅವ್ವ ಹೇಳಿದಳು. ಹೊರಗೆ ಬಂದು ದುರ್ಗದ ಬೈಲಿನಲ್ಲಿ ಬಳೆ ತಗೊಂಡು, ಗಿರಮಿಟ್ಟು, ಮಿರ್ಚಿ ತಿಂದು ಮನೆಗೆ ಬಂದೆವು. ಗಿರಮಿಟ್ಟು ಬೆಂಗಳೂರಿನಲ್ಲಿ ಸಿಗೋದಿಲ್ಲ ಅಂತಲ್ಲ, ಆದರೆ ಅಲ್ಲಿ ಅದನ್ನು ತಟ್ಟೆಯಲ್ಲಿ ಅಲಂಕಾರ ಮಾಡಿ ಕೊಡ್ತಾರೆ. ಆ ಮಾತು ಇನ್ನೊಮ್ಮೆ.

ರಾತ್ರಿ ಅವ್ವ ಟ್ರಂಕಿನಿಂದ ಒಂದು ಉದ್ದನೆಯ ವಹಿ ತೆಗೆದಳು. ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು. ಅದು ಆಹೇರಿ ವಹಿ. ನಮ್ಮ ಕಡೆ ಮದುವೆ, ಮನೆಶಾಂತಿ, ತೊಟ್ಟಿಲು ಯಾವುದೇ ಇರಲಿ, ಯಾರು ಏನು ಕೊಟ್ಟರು ಅಂತ ಬರೆದಿಡೋದು ರೂಢಿ. ಅವ್ವನದು ಶುರುವಾಗೋದು 1995ರಲ್ಲಿ, ನನಗೆ ಹೆಸರಿಟ್ಟ ದಿನದಿಂದ. ಎಡಕ್ಕೆ ಬಂದದ್ದು, ಬಲಕ್ಕೆ ತಿರುಗಿ ಕೊಟ್ಟದ್ದು. ಸ್ಟೀಲ್ ಡಬ್ಬಿ 1. ಜಂಪರ್ ಪೀಸ್ 1. ರೂ. 11. ಮೂವತ್ತು ವರ್ಷದ ಡೇಟಾಬೇಸು, ಬ್ಯಾಕಪ್ಪೇ ಇಲ್ಲದ್ದು. ಅಕ್ಕನ ಬೀಗರು ಮದುವೆಯಲ್ಲಿ ಯಾರಿಗೆ ಏನು ಮಾಡಿದ್ದರು ಅಂತ ನೋಡಿ, ಭಾನುವಾರ ಯಾರಿಗೆ ಏನು ಒಯ್ಯಬೇಕು ಅನ್ನೋದನ್ನು ಅವಳು ಹೇಳುತ್ತಾ ಹೋದಳು, ನಾನು ಫೋನಿನಲ್ಲಿ ಬರೆದುಕೊಂಡೆ.

ಹಾಳೆ ತಿರುವುವಾಗ ಅತ್ತಿಯ ಪುಟ ಬಂತು. "2013 ಜುಲೈ. ಪಾಟ್ಲಿ 2." ಬಲಗಡೆ, "2016 ಬಿಡಿಸಿ ಕೊಟ್ಟಿದ್ದು." ಅದರ ಕೆಳಗೆ ಹೋದ ವರ್ಷದ ತಾರೀಖು. "ರೇಷ್ಮಿ ಸೀರಿ 1."

2013ರ ಜುಲೈ ಅಂದರೆ ನಾನು ಇಂಜಿನಿಯರಿಂಗ್ ಸೇರಿದ ತಿಂಗಳು.

"ಯವ್ವಾ, ಇದೇನಿದು?"

"ನಿನ್ನ ಫೀಸಿಗೆ ಕಮ್ಮಿ ಬಿದ್ದಿತ್ತು. ನಿಮ್ಮತ್ತಿ ಕೈಯಾನ ಪಾಟ್ಲಿ ತಗದು ಕೊಟ್ಲು. ಸೊಸೈಟ್ಯಾಗ ಇಟ್ಟಿದ್ವಿ. ಆಮ್ಯಾಲ ಬಿಡಿಸಿ ಕೊಟ್ಟ್ವಿ ಬಿಡು. ಆದ್ರ ಮೂರು ವರ್ಷ ಆಕಿ ಬರೇ ಗಾಜಿನ ಬಳಿ ಹಾಕ್ಕೊಂಡು ಮಂದಿ ಮದವಿ ತಿರಗ್ಯಾಳ. ಮಗನ ಮದವ್ಯಾಗ ಆಕಿಗೆ ನಾ ಜಂಪರ್ ಪೀಸ್ ಕೊಡಬೇಕಿತ್ತೇನು?"

ಹನ್ನೆರಡು ವರ್ಷದಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಅತ್ತಿಯೂ ಹೇಳಿರಲಿಲ್ಲ. ಮದುವೆಯ ದಿನ ಸಿಟ್ಟಿಗೆ ನಾನು ಅವಳ ಜೊತೆ ಒಂದು ಸೆಲ್ಫಿಯನ್ನೂ ತೆಗೆಸಿಕೊಂಡಿರಲಿಲ್ಲ. "ಸೀರಿ ಚಂದ ಐತಿ ಅತ್ತಿ" ಅನ್ನುವ ಒಂದು ಮಾತೂ ಆಡಿರಲಿಲ್ಲ.

ಅವ್ವ ನೀರು ಕುಡಿಯೋಕೆ ಎದ್ದಾಗ ಇನ್ನಷ್ಟು ಹಾಳೆ ತಿರುವಿದೆ. ಕೊನೆಯ ಕಡೆ ಒಂದು ಪುಟದ ತಲೆಗೆ "ಸಣ್ಣಾಕಿ" ಅಂತ ಬರೆದಿತ್ತು. ಮನೆಯಲ್ಲಿ ಸಣ್ಣಾಕಿ ಅಂದರೆ ನಾನು. ಮಿಕ್ಸರ್ 1. ಫೋನ್ 1. ಫ್ರಿಜ್. ಗಡಿಯಾರ (ಇವರಿಗೆ). ರೇಷ್ಮಿ ಸೀರಿ 1, 14,000. ಎಂಟು ವರ್ಷದಲ್ಲಿ ನಾನು ಮನೆಗೆ ಕೊಟ್ಟದ್ದೆಲ್ಲ ಎಡಗಡೆ. ಬಲಗಡೆ ಖಾಲಿ, ಮೇಲೆ ಮಾತ್ರ ಒಂದು ಪದ: "ಮದವಿಗೆ."

ನಮ್ಮ ಕಡೆ ಕೊಡುವುದಕ್ಕೆ ಒಂದು ದಿಕ್ಕಿದೆ. ಪಂಚಮಿಗೆ ಉಂಡಿ, ಕುಬುಸಕ್ಕೆ ಸೀರೆ, ಬಂದು ಹೋಗುವಾಗೆಲ್ಲ ಉಡಿ ಅಕ್ಕಿ. ಎಲ್ಲಾ ತವರಿನಿಂದ ಮಗಳ ಕಡೆಗೇ ಹೋಗೋದು. ಮಗಳಿಂದ ತವರಿಗೆ ಬಂದದ್ದನ್ನು ಎಲ್ಲಿ ಇಡಬೇಕು ಅಂತ ಅವ್ವನಿಗೆ ಯಾರೂ ಕಲಿಸಿಲ್ಲ. ಅದಕ್ಕೇ ಸಾಲದ ಲೆಕ್ಕದಲ್ಲಿ ಇಟ್ಟಿದ್ದಾಳೆ. ನನ್ನ ಜೊತೆಗೇ ಸಂಬಳ ತಗೊಳ್ಳುವ ಗಂಡು ಹುಡುಗರ ಮನೆಯಲ್ಲಿ ಹೀಗೆ ಒಂದು ಪುಟ ಇರಲಿಕ್ಕಿಲ್ಲ ಅನ್ನಿಸಿತು.

"ಹೆಣ್ಣಮಗಳ ರೊಕ್ಕ ತವರಮನ್ಯಾಗ ಉಳೀಬಾರದವಾ. ಮದವ್ಯಾಗ ಎಲ್ಲಾ ತಿರುಗಿ ಕೊಡ್ತೀನಿ" ಅಂದಳು ಅವ್ವ.

"ಮದವಿ ಆಗದಿದ್ರ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆಗದಿದ್ರೂ ನಿಂದು ನಿನಗ" ಅಂದು ವಹಿ ಮುಚ್ಚಿ ಟ್ರಂಕಿಗೆ ಹಾಕಿದಳು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಫೋನಿನ ಲಿಸ್ಟಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೆಸರುಗಳನ್ನು ಮಾತ್ರ ಉಳಿಸಿಕೊಂಡೆ. ಒಂದು ಹೆಸರು ಹೊಸದಾಗಿ ಸೇರಿಸಿದೆ: ಅತ್ತಿ.

ಶುಕ್ರವಾರ ಬೆಂಗೇರಿಗೆ ಹೋದೆ. ಭಾವ ಗದಗ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಹೋದ ಆಗಸ್ಟ್ 15ಕ್ಕೆ ಅವರು ಕಳಿಸಿದ ಫೋಟೋದಲ್ಲಿ ಶಾಲೆಯ ಬಾವುಟದ ಕೇಸರಿ ಮಾಸಿ ಹಳದಿಯಾಗಿತ್ತು. ಅದನ್ನು ಅವರೇ ತಮಾಷೆ ಮಾಡಿಕೊಂಡು ಸ್ಟೇಟಸ್ ಹಾಕಿದ್ದರು. ಅದು ಈಗ ನೆನಪಾಯಿತು. ಬೆಂಗೇರಿಯಲ್ಲಿರೋದು 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಬಿಐಎಸ್ ಮಾನದಂಡದ ಖಾದಿ ರಾಷ್ಟ್ರಧ್ವಜ ತಯಾರಾಗುವ ಜಾಗ. ಕೆಂಪು ಕೋಟೆಯ ಸುದ್ದಿ ಬಂದಾಗೆಲ್ಲ ಹುಬ್ಬಳ್ಳಿಯವರು ಇದನ್ನು ಹೇಳಿಕೊಂಡು ಎದೆಯುಬ್ಬಿಸ್ತೇವೆ, ಒಳಗೆ ಹೋಗಿ ನೋಡಿದವರು ಕಮ್ಮಿ. ನಾನೂ ಹೋಗಿದ್ದು ಇದೇ ಮೊದಲು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಮೇಜಿನ ಮೇಲಿಡುವ ಪುಟ್ಟ ಬಾವುಟದಿಂದ 21 ಅಡಿ ಉದ್ದ, 14 ಅಡಿ ಅಗಲದ್ದರವರೆಗೆ ಒಂಬತ್ತು ಅಳತೆ. ಚಕ್ರದ 24 ಗೆರೆ, ಬಣ್ಣ, ಹೊಲಿಗೆ ಎಲ್ಲದಕ್ಕೂ ಲೆಕ್ಕವಿದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಮಷೀನಿನ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕ ಮೇಲೆ ಇಲ್ಲಿಯ ಕೆಲಸಕ್ಕೆ ಹೊಡೆತ ಬಿತ್ತು. ಶಾಲೆಗೆ ಸರಿಹೋಗುವ 3 ಅಡಿ ಉದ್ದ, 2 ಅಡಿ ಅಗಲದ್ದೊಂದನ್ನು ತಗೊಂಡೆ. ಭಾವನಿಗೆ ಪರ್ಸಿನ ಬದಲು ಬಾವುಟ ಅಂದಾಗ ಅಪ್ಪ ಮೊದಲ ಬಾರಿಗೆ ನನ್ನ ಶಾಪಿಂಗ್ ಬಗ್ಗೆ ಆಸಕ್ತಿ ತೋರಿಸಿದ.

ಅಪ್ಪನ ವಿಷಯ. ಅಪ್ಪ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವನು. ಎರಡು ವರ್ಷದ ಹಿಂದೆ ನಾನು ಕೊಟ್ಟ ಸ್ಮಾರ್ಟ್ ವಾಚು ಬಾಕ್ಸಿನೊಳಗೇ ಇದೆ. ಒಂದು ವಾರ ಕಟ್ಟಿಕೊಂಡಿದ್ದನಂತೆ. "ನನ್ನ ಕೈ ಮ್ಯಾಲ ಕುಂತು ನನಗ ಏಳು, ನಡಿ ಅಂತೈತಿ. ಮೂವತ್ತೈದು ವರ್ಷ ಸೈರನ್ ಕೇಳಿ ಎದ್ದೀನಿ, ಇನ್ನ ಸಾಕು" ಅಂದ. ಅವನಿಗೆ ಏನು ಬೇಕು ಅಂತ ಕೇಳಿದರೆ ಏನೂ ಬೇಡ. ಆದರೆ ಊಟಕ್ಕೆ ಕೂತಾಗ, ಹೊಸ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಗಿ ಇಷ್ಟು ದಿನವಾದರೂ ತಾನು ಒಮ್ಮೆಯೂ ಈ ತುದಿಯಿಂದ ಆ ತುದಿಗೆ ನಡೆದಿಲ್ಲ ಅಂದ. ಮೊಣಕಾಲು ನೋವು, ಒಬ್ಬನೇ ಹೋಗೋಕೆ ಹಿಂಜರಿಕೆ.

ಸಂಜೆ ಕರೆದುಕೊಂಡು ಹೋದೆ. ಹತ್ತು ಹತ್ತು ರೂಪಾಯಿಯ ಎರಡು ಪ್ಲಾಟ್‌ಫಾರ್ಮ್ ಟಿಕೆಟ್. ಒಳಗೆ ಯಾರೂ ಕೇಳೋದಿಲ್ಲ ನಡಿ ಅಂದರೆ, "ರೇಲ್ವೇದಾಗ ದುಡದಾಂವ ಟಿಕೆಟ್ ಇಲ್ದ ಒಳಗ ಹೋಗಬಾರದು" ಅಂತ ಕ್ಯೂನಲ್ಲಿ ನಿಂತ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 8ನೇ ಪ್ಲಾಟ್‌ಫಾರ್ಮ್, ಉದ್ದ 1507 ಮೀಟರ್. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾದಾಗ ಗೋರಖಪುರದ 1366 ಮೀಟರನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಉದ್ದದ್ದಾಯಿತು. ನಾವು ನಡೆದೆವು. ನಿಂತೆವು, ಬೆಂಚಿನ ಮೇಲೆ ಕೂತೆವು, ಮತ್ತೆ ನಡೆದೆವು. ಮೀಟರ್ ಗೇಜ್ ಹಳಿ ಇದ್ದಾಗ ಸ್ಟೇಷನ್ ಹೇಗಿತ್ತು, ಬ್ರಾಡ್ ಗೇಜ್ ಆದಾಗ ವರ್ಕ್‌ಶಾಪಿನಲ್ಲಿ ಏನೇನು ಬದಲಾಯಿತು, ಯಾವ ಬೋಗಿಯ ಯಾವ ಭಾಗ ಮೊದಲು ಸವೆಯುತ್ತದೆ. ನನ್ನ ಕೆಲಸ ಏನು ಅಂತ ಅಪ್ಪನಿಗೆ ತಿಳಿಸಲು ನಾನು ಎಷ್ಟೋ ಸಲ ಒದ್ದಾಡಿದ್ದೇನೆ. ಅವನ ಕೆಲಸ ಏನಿತ್ತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ತುದಿ ಮುಟ್ಟಿದ ಮೇಲೆ ಅಲ್ಲಿಯ ಕಂಬವನ್ನು ಕೈಯಿಂದ ತಟ್ಟಿ, ಗಡಿಯಾರ ನೋಡಿ, "ಟಿಕೆಟ್ ಎರಡು ತಾಸಿಂದು. ನಡಿ ನಡಿ, ಟೈಮ್ ಆತು" ಅಂತ ವಾಪಸ್ ಬರುವಾಗ ನನಗಿಂತ ಜೋರಾಗಿ ನಡೆದ.

ಶನಿವಾರ ಬೆಳಿಗ್ಗೆ ಒಬ್ಬಳೇ ನವಲಗುಂದದ ಬಸ್ ಹತ್ತಿದೆ. ಚಾಚಿಯ ತವರು ಅದು. ಹುಬ್ಬಳ್ಳಿಯಿಂದ ಒಂದು ತಾಸಿನ ದಾರಿ, ಎರಡೂ ಕಡೆ ಕರಿ ಮಣ್ಣು. 1980ರ ರೈತ ಬಂಡಾಯದಿಂದ ರಾಜ್ಯಕ್ಕೆಲ್ಲ ಹೆಸರಾದ ಊರು. ಚಾಚಿಗೆ ಮಾತ್ರ ಅದು ಮಗ್ಗದ ಊರು. ಚಿಕ್ಕವಳಿದ್ದಾಗ ಅಮ್ಮಿಯ ಮಗ್ಗದ ಕೆಳಗೆ ಮಲಗಿ ಮೇಲಿನ ದಾರ ಎಣಿಸುತ್ತಾ ನಿದ್ದೆ ಹೋಗ್ತಿದ್ದ ಕಥೆಯನ್ನು ಕಟ್ಟೆಯ ಮೇಲೆ ನನಗೆ ಎಷ್ಟು ಸಲ ಹೇಳಿದ್ದಾಳೋ! ಅಷ್ಟು ಸಲ ಕೇಳಿದ ನಾನು ಅವಳ ಹೆಸರಿನ ಮುಂದೆ ಡ್ರೈ ಫ್ರೂಟ್ಸ್ ಅಂತ ಬರೆದಿದ್ದೆ.

ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ನೇಯುವ ಮನೆಗಳು ಮಾತ್ರ ಬೆರಳೆಣಿಕೆಗೆ ಬಂದಿವೆ. ನೇಯುವವರು ಹೆಣ್ಣುಮಕ್ಕಳು. ಮಗ್ಗ ನಮ್ಮ ಕಣ್ಣಿಗೆ ರೂಢಿಯಾದ ಹಾಗೆ ಅಡ್ಡ ಮಲಗಿರೋದಿಲ್ಲ, ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಕೂತು ಬಣ್ಣದ ದಾರ ತೂರಿಸಿ, ಪಂಜಾ ಅನ್ನುವ ಹಣಿಗೆಯಿಂದ ಬಡಿದು ಬಡಿದು ಕೂರಿಸುತ್ತಾರೆ. ಆ ಬಡಿತಕ್ಕೇ ಜಮಖಾನೆ ಅಷ್ಟು ಗಟ್ಟಿ. ನವಿಲು, ಪಗಡೆಯ ಹಾಸು, ಚೌಕಗಳು. ದೊಡ್ಡ ಜಮಖಾನೆಯ ಜೊತೆಗೆ ನಮಾಜಿಗೆ ಹಾಸಿಕೊಳ್ಳುವ ಜಾನಮಾಜ್ ಕೂಡ ಇಲ್ಲಿ ನೇಯುತ್ತಾರೆ. ನಾನು ಬಂದದ್ದು ಅದಕ್ಕೇ. ನೇಯುವಾಕೆ ಪಂಜಾ ಬಡಿಯುವುದನ್ನು ನಿಲ್ಲಿಸದೆ ಯಾರಿಗೆ ಅಂತ ಕೇಳಿದರು. ಚಾಚಿಯ ಅಪ್ಪನ ಹೆಸರು ಹೇಳಿದೆ. ಕೈ ನಿಂತಿತು. "ಅವರ ಮಗಳಿಗಾ? ಹಂಗಾರ ಇದು ಬ್ಯಾಡ, ತಡೀರಿ" ಅಂತ ಒಳಗೆ ಹೋಗಿ ಇನ್ನೊಂದು ತಂದರು.

ಮಧ್ಯಾಹ್ನ ಚಾಚಿಯ ಕಟ್ಟೆಯ ಮೇಲೆ ಪೊಟ್ಟಣ ಬಿಚ್ಚಿದೆ. ಅವಳು ಮೊದಲು ನೋಡಲಿಲ್ಲ, ಮುಟ್ಟಿದಳು. ಅಂಚು ಹಿಡಿದು ಹಿಂಡಿದಳು, ಮೂಸಿದಳು. "ಎಷ್ಟ ಕೊಟ್ಟಿ?" ಅಂದಳು. ಹೇಳಿದೆ. "ಜಾಸ್ತಿ ಕೊಟ್ಟಿ. ನನ್ನ ಕೇಳಿದ್ರ ಹೇಳ್ತಿದ್ನಿಲ್ಲೋ" ಅಂತ ಬೈದಳು. ಹತ್ತು ನಿಮಿಷ ಬೈದಳು. ಬೈಯುತ್ತಲೇ ಜಾನಮಾಜನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡವಳು ನಾನು ಏಳೋವರೆಗೂ ಕೆಳಗಿಡಲಿಲ್ಲ.

ಎದ್ದು ಹೊರಟಾಗ ಒಳಗಿಂದ ಏನೋ ತಂದು ಕೈಗಿಟ್ಟಳು. ಗುಳೇದಗುಡ್ಡ ಖಣದ ಕುಂಚಿಗಿ, ಅರ್ಧ ಹೊಲಿದದ್ದು, ಜೊತೆಗೆ ದಾರ ಪೋಣಿಸಿದ ನಾಲ್ಕು ಸೂಜಿ. "ನಿಮ್ಮವ್ವಗ ಕೊಡು. ದಿನಾ ಬಂದು ಸೂಜಿ ಪೋಣಿಸ್ಕೊಂಡು ಹೋಗ್ತಾಳ. ಇವತ್ತ ಹೊಲಿಗಿನೂ ತಪ್ಪಿ ಬಿದ್ದಾವ ಅಂತ ಇಲ್ಲೇ ಇಟ್ಟು ಹೋಗ್ಯಾಳ. ಕಣ್ಣು ಹೋಗ್ಯಾವ ಆಕೀವು, ನಿನಗ ಹೇಳಿಲ್ಲೇನು?"

ಹೇಳಿರಲಿಲ್ಲ. ಆದರೆ ನಾನು ನೋಡಿದ್ದೆ. ಜವಳಿ ಸಾಲಿನಲ್ಲಿ ಸೀರೆಯನ್ನು ಬೆಳಕಿಗೆ ಒಯ್ದಾಗ ನೋಡಿದ್ದೆ. ವಹಿಯಲ್ಲೂ ನೋಡಿದ್ದೆ. 1995ರ ಅಕ್ಷರಗಳು ಜೋಳದ ಕಾಳಿನಷ್ಟು ಸಣ್ಣ, ದುಂಡಗೆ, ಗೆರೆಯ ಮೇಲೇ ಕೂತಿದ್ದವು. ನನ್ನ ಪುಟದಲ್ಲಿ ಅವರೆಕಾಳಿನಷ್ಟಾಗಿ, ಗೆರೆ ಬಿಟ್ಟು ಇಳಿದಿದ್ದವು. ಬರೆದದ್ದನ್ನು ಓದಿ ಅತ್ತುಕೊಂಡ ನಾನು ಹೇಗೆ ಬರೆದಿದ್ದಾಳೆ ಅಂತ ನೋಡಿರಲಿಲ್ಲ.

ಭಾನುವಾರದ ಕಾರ್ಯ ಚೆನ್ನಾಗಿ ಆಯಿತು. ಅಕ್ಕ ಗಿಳಿ ಹಸಿರಿನಲ್ಲಿ ಕೂತಿದ್ದಳು, ಬೆವರಲಿಲ್ಲ. ಭಾವ ಬಾವುಟವನ್ನು ಯಾರಿಗೂ ಮುಟ್ಟಗೊಡದೆ ಬೀರುವಿನಲ್ಲಿಟ್ಟರು. ಅತ್ತಿಯೂ ಬಂದಿದ್ದಳು, ಅದೇ ನೇರಳೆ ಸೀರೆ ಉಟ್ಟು. ಅವಳಿಗೆ ಏನು ತರಬೇಕು ಅಂತ ಕೊನೆಯವರೆಗೂ ಹೊಳೆದಿರಲಿಲ್ಲ, ಪಾಟ್ಲಿ ಮಾಡಿಸುವಷ್ಟು ದುಡ್ಡು ಇನ್ನೂ ಕೂಡಿಲ್ಲ. ಪಕ್ಕದಲ್ಲಿ ಹೋಗಿ ಕೂತು, "ಅತ್ತಿ, 2013ರ ವಿಷಯ ಅವ್ವ ಹೇಳಿದ್ಲು" ಅಂದೆ. "ಹಳೇ ಮಾತು ಯಾಕ ತಗೀತಿ" ಅಂತ ನನ್ನ ಬಾಯಿಗೆ ಹೋಳಿಗೆ ತುರುಕಿದಳು. ಸೀರೆ ಚಂದ ಐತಿ ಅಂತ ಹೇಳಿದೆ. ನಾಲ್ಕು ಸೆಲ್ಫಿ ತೆಗೆಸಿಕೊಂಡೆವು. ಅವಳ ಹೆಸರು ಲಿಸ್ಟಿನಲ್ಲಿ ಇನ್ನೂ ಹಾಗೇ ಇದೆ.

ಸೋಮವಾರಕ್ಕೆ ರಜೆ ಇನ್ನೊಂದು ದಿನ ಮುಂದೂಡಿದೆ. ಮ್ಯಾನೇಜರಿಗೆ ಕಾರಣ ಏನು ಬರೆದೆ ಅನ್ನೋದು ಬೇಡ. ಅವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಆರು ವರ್ಷದ ಹಳೇ ಚಷ್ಮಾದಲ್ಲೇ ನಡೆಸಿದ್ದಳು. ನಂಬರು ಎರಡೂ ಕಣ್ಣಿಗೆ ಬದಲಾಗಿತ್ತು. ಫ್ರೇಮ್ ಆರಿಸುವಾಗ ನಾನು ತೋರಿಸಿದ್ದು ಒಂದೂ ಹಿಡಿಸಲಿಲ್ಲ, ಎಲ್ಲಾ "ಟೀವಿಯವರ ಹಂಗ" ಇದ್ದವಂತೆ. ಅವಳೇ ಆರಿಸಿದ್ದು ಹಳೆಯದರ ಹಾಗೇ ಇದ್ದ ಕಂದು ಫ್ರೇಮು, ಅಂಗಡಿಯಲ್ಲೇ ಅಗ್ಗದ್ದು. ಸಂಜೆಯೊಳಗೆ ಸಿಕ್ಕಿತು. ಹಾಕಿಕೊಂಡು ಹೊರಗೆ ಬಂದು ನಿಂತವಳು ಎದುರಿನ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಜೋರಾಗಿ ಓದಿದಳು, ಶಾಲೆಯ ಹುಡುಗಿಯ ಹಾಗೆ. ಮನೆಗೆ ಬರುವ ದಾರಿಯಲ್ಲಿ ನನ್ನ ಮುಖ ನೋಡಿ, "ಕಣ್ಣ ಕೆಳಗ ಎಷ್ಟ ಕಪ್ಪಾಗೇತೆಲೇ. ನಿದ್ದಿ ಮಾಡಂಗಿಲ್ಲೇನು?" ಅಂದಳು.

ಇನ್ನು ಉಳಿದವರು. ಆಫೀಸಿಗೆ ಪೇಢಾನೇ, ಹುಬ್ಬಳ್ಳಿಯಿಂದ ಬಂದು ಧಾರವಾಡ ಪೇಢಾ ತರದಿದ್ದರೆ ಒಳಗೆ ಬಿಡೋದಿಲ್ಲ. ಕೊಚ್ಚಿಯ ರೂಮ್‌ಮೇಟ್‌ಗೆ ಖಾರ ಆಗೋದಿಲ್ಲ, ಆದರೆ ಸಾರು ಕೆಂಪಗೆ ಕಾಣಬೇಕು ಅಂತ ಆಸೆ. ಅವಳಿಗೆ ಅವ್ವ ಕುಟ್ಟಿಸಿದ ಬ್ಯಾಡಗಿ ಮೆಣಸಿನ ಪುಡಿ. ಬಣ್ಣ ಜಾಸ್ತಿ, ಖಾರ ಕಮ್ಮಿ.

ರಾತ್ರಿ ಬ್ಯಾಗ್ ತುಂಬುತ್ತಿದ್ದೆ. ಕಾಟಿನ ಮೇಲೆ ಕೂತು ಅವ್ವ ಕುಂಚಿಗಿ ಮುಗಿಸುತ್ತಿದ್ದಳು. ಸೂಜಿಗೆ ದಾರ ತಾನೇ ಪೋಣಿಸಿದಳು, ಒಂದೇ ಸಲಕ್ಕೆ. ಆಮೇಲೆ ನನಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆ, ಒಂದು ಖಣ. ಮದುವೆಯಾಗದವರಿಗೂ ಉಡಿ ತುಂಬ್ತಾರೇನು ಅಂತ ಕೇಳಿದೆ. "ಸುಮ್ನಿರು" ಅಂದಳು.

ಹೊರಡುವ ಹೊತ್ತಿಗೆ ಅವಳು ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ ಟ್ರಂಕ್ ತೆಗೆದಿತ್ತು. ವಹಿ ತೊಡೆಯ ಮೇಲೆ, ಹೊಸ ಚಷ್ಮಾ ಮೂಗಿನ ಮೇಲೆ. ನನ್ನ ಪುಟದಲ್ಲಿ, ಎಡಗಡೆ, ಸೀರೆಯ ಕೆಳಗೆ ಬರೆಯುತ್ತಿದ್ದಳು. "ಚಷ್ಮಾ 1." ಮುಂದೆ ರೂಪಾಯಿ, ಪೈಸೆ ಸಮೇತ.

ನಾನು ಬಾಗಿಲಲ್ಲೇ ನಿಂತು ನೋಡಿದೆ. ಅಕ್ಷರ ಜೋಳದ ಕಾಳಿನಷ್ಟಿತ್ತು. ಗೆರೆಯ ಮೇಲೇ ಇತ್ತು.

"ಆಟೋ ಬಂತವಾ" ಅಂತ ಅಪ್ಪ ಹೊರಗಿನಿಂದ ಕೂಗಿದ.